ಟ್ಯಾಂಕಿನ ಮೇಲಿನ ಬುರುಡೆ ಬಾವುಟ

ಎಲ್ಲ ಅನಾಹುತಕ್ಕೂ ಮೂಲ ಕುಮಾರಿಯ ಹಳೆಯ ಕಪ್ಪು ಲಂಗ. ಸೀರೆಯೊಳಗೆ ಉಟ್ಟು ಉಟ್ಟು ಅಂಚು ಹರಿದು, ಇನ್ನೇನು ಒಲೆ ಒರೆಸುವ ಮಸಿಬಟ್ಟೆಯಾಗಬೇಕಿದ್ದ ಆ ಲಂಗವನ್ನು ಅವಳ ಮಗಳು, ಐದನೇ ಕ್ಲಾಸಿನ ಭವ್ಯ, ಭಾನುವಾರ ಮಧ್ಯಾಹ್ನ ಚೌಕವಾಗಿ ಕತ್ತರಿಸಿ, ನಡುವೆ ಸುಣ್ಣದಲ್ಲಿ ಒಂದು ಬುರುಡೆಯನ್ನೂ ಅದರ ಕೆಳಗೆ ಅಡ್ಡಡ್ಡ ಎರಡು ಮೂಳೆಗಳನ್ನೂ ಬರೆದಳು. ಬುರುಡೆಗೆ ಹಲ್ಲು ನಾಲ್ಕು ಜಾಸ್ತಿಯಾಗಿ, ಅದು ನಗುತ್ತಿದೆಯೋ ಹಲ್ಲುನೋವಿಗೆ ನರಳುತ್ತಿದೆಯೋ ಹೇಳುವಂತಿರಲಿಲ್ಲ. "ಅಪ್ಪಾ, ನಮ್ ಹಡಗಿಗ ಬಾವುಟ" ಎಂದು ಅಪ್ಪನ ಕೈಗಿಟ್ಟಳು. ಯಾವ ಹಡಗು ಎಂದು ಶಾಂತರಾಜು ಕೇಳಲಿಲ್ಲ. ಅವನಿಗೆ ಗೊತ್ತಿತ್ತು.

ಶಾಂತರಾಜು ಹರವೆ ಹೋಬಳಿಯ ಬಿಳಿಕಲ್ಲಪುರದ ನೀರಗಂಟಿ. ಹದಿನಾಲ್ಕು ವರ್ಷದಿಂದ ಪಂಚಾಯಿತಿಯಲ್ಲಿ ದಿನಗೂಲಿ. ಬೆಳಗ್ಗೆ ಮೋಟಾರ್ ಹಾಕುವುದು, ವಾಲ್ವ್ ತಿರುಗಿಸಿ ಬೀದಿ ಬೀದಿಗೆ ನೀರು ಬಿಡುವುದು, ಅರವತ್ತು ಅಡಿ ಎತ್ತರದ ಟ್ಯಾಂಕ್ ಹತ್ತಿ ಬ್ಲೀಚಿಂಗ್ ಪೌಡರ್ ಹಾಕುವುದು, ಹದಿನೈದು ದಿನಕ್ಕೊಮ್ಮೆ ಅದರೊಳಗಿಳಿದು ಉಜ್ಜಿ ತೊಳೆಯುವುದು ಅವನ ಕೆಲಸ. ನೀರಿನೊಂದಿಗೇ ಬದುಕು ಸವೆಸಿದರೂ ಸಮುದ್ರವನ್ನು ಮಾತ್ರ ಹುಟ್ಟಿದ ಮೇಲೆ ಒಮ್ಮೆಯೂ ಕಂಡವನಲ್ಲ. ಆದರೆ ಕನ್ನಡಕ್ಕೆ ಡಬ್ ಆಗಿ ಟಿವಿಯಲ್ಲಿ ಬರುವ ಕಡಲ್ಗಳ್ಳರ ಸಿನಿಮಾಗಳಲ್ಲಿ ಒಂದನ್ನೂ ಬಿಟ್ಟವನಲ್ಲ. ಒಂಟಿಗಣ್ಣಿನ ಕಪ್ತಾನ, ಮರದ ಕಾಲಿನ ಅಡುಗೆಯವನು, ಹೆಗಲ ಮೇಲಿನ ಗಿಳಿ, ಮರಳಲ್ಲಿ ಹೂತಿಟ್ಟ ಪೆಟ್ಟಿಗೆ, ಇವೆಲ್ಲ ಅವನಿಗೆ ಸ್ವಂತ ನೆಂಟರಷ್ಟೇ ಪರಿಚಯ.

ನೀರಗಂಟಿಯಾದವನಿಗೆ ಊರಲ್ಲಿ ಸ್ನೇಹಿತರಿರುವುದು ಕಷ್ಟ. ಮೇಲಿನ ಬೀದಿಗೆ ನೀರು ಬಿಟ್ಟರೆ ಕೆಳಗಿನ ಬೀದಿಯವರು ಬೈಯುತ್ತಾರೆ, ಇಬ್ಬರಿಗೂ ಬಿಟ್ಟರೆ ಇಬ್ಬರೂ ಬೈಯುತ್ತಾರೆ. ಹರದನಹಳ್ಳಿಯಿಂದ ಹೆಂಡತಿಯ ಊರಿಗೆ ಬಂದು ನೆಲೆಸಿದ ಶಾಂತರಾಜು ಮೊದಲ ಹತ್ತು ವರ್ಷ ದಿನಾ ಬೆಳಗ್ಗೆ ಬೈಗುಳ ಕೇಳಿಕೊಂಡೇ ಹಲ್ಲುಜ್ಜಿದ. ಆಮೇಲೆ ಅವನ ಮನೆಗೆ ಟಿವಿ ಬಂತು, ಟಿವಿಯಲ್ಲಿ ಕಡಲ್ಗಳ್ಳರು ಬಂದರು, ಕಡಲ್ಗಳ್ಳರ ಹಿಂದೆ ಊರೂ ಬಂತು.

ಮೊದಲು ಬಂದವಳು ಪಕ್ಕದ ಮನೆಯ ರಾಚಮ್ಮಜ್ಜಿ. ಎಪ್ಪತ್ತು ದಾಟಿದ ಒಂಟಿ ಜೀವ. ಬಾಗಿಲಲ್ಲಿ ನಿಂತು "ಬೆಂಕಿಪೊಟ್ಣ ಅದಾ?" ಎಂದು ಕೇಳಲು ಬಂದವಳು ಟಿವಿಯಲ್ಲಿ ಎರಡು ಹಡಗುಗಳ ಜಗಳ ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಮುಗಿದ ಮೇಲೆ ಬೆಂಕಿಪೊಟ್ಟಣ ಮರೆತು ಹೋದಳು. ಮುಂದಿನ ಭಾನುವಾರ ಊಟಕ್ಕೆ ಮೊದಲೇ ಬಂದು "ಆ ಒಂಟ್ಕಣ್ಣ ಇನ್ನೂ ಬರ್ನಿಲ್ವಾ ಮಗ?" ಎಂದಳು. ಆಮೇಲೆ ಕುರಿ ಸಾಕುವ ಚಿಕ್ಕಬೀರಯ್ಯ ಬಂದ. ಕೊನೆಗೆ ಅರಿಸಿನದ ವ್ಯಾಪಾರಿ ಶಂಭುಲಿಂಗಪ್ಪನವರೂ ಬಂದರು. ಅವರ ಮನೆಯಲ್ಲಿ ಗೋಡೆಯಷ್ಟಗಲದ ಟಿವಿ ಇತ್ತು. "ಒಬ್ನೇ ಕೂತು ನೋಡುದ್ರ ಕತ್ತಿ ಕಾಳ್ಗ ರುಚಿಸಾಕಿಲ್ಲ ಕಣಯ್ಯ" ಎಂದು ತಾವೇ ಒಂದು ಕುರ್ಚಿ ಹೊರಿಸಿಕೊಂಡು ಬಂದು ಕೂತರು.

ಡಬ್ಬಿಂಗಿನವರ ಕನ್ನಡವೇ ಒಂದು ಮಜ. "ಎಲೈ ನಾವಿಕರೇ, ಹಾಯಿ ಬಿಚ್ಚಿರಿ! ಗಾಳಿ ನಮ್ಮ ಪರವಾಗಿದೆ!" ಎಂದು ಕಪ್ತಾನ ಕೂಗಿದರೆ ರಾಚಮ್ಮಜ್ಜಿ ನೆಲಕ್ಕೆ ಗುದ್ದಿ "ಬಿಚ್ರಲಾ, ಏಳ್ತಾವ್ನಲ್ಲ!" ಎನ್ನುವಳು. ಚಿಕ್ಕಬೀರಯ್ಯ ತನ್ನ ಕುರಿಗಳನ್ನೂ "ಎಲೈ ನಾವಿಕರೇ" ಎಂದೇ ಹಟ್ಟಿಗೆ ಹೊಡೆಯಲು ಶುರುಮಾಡಿದ. ನೀರು ಒಂದು ಗಂಟೆ ತಡವಾದರೂ ಈಗ ಯಾರೂ ಬೈಯುತ್ತಿರಲಿಲ್ಲ. ಈ ಭಾನುವಾರಗಳನ್ನು ಕೊಟ್ಟಿದ್ದಕ್ಕೆ ಶಾಂತರಾಜು ತಾನೆಂದೂ ಕಂಡಿರದ ಸಮುದ್ರಕ್ಕೆ ಮನಸ್ಸಿನಲ್ಲೇ ಕೈಮುಗಿಯುತ್ತಿದ್ದ.

ಹಾಗಿದ್ದ ಮೇಲೆ ಮಗಳು ಬಾವುಟ ಕೊಟ್ಟರೆ ಅವನು ಸುಮ್ಮನಿರುತ್ತಾನೆಯೇ? ಸಂಜೆ ಬ್ಲೀಚಿಂಗ್ ಪೌಡರ್ ಹಾಕಲು ಟ್ಯಾಂಕ್ ಹತ್ತಿದವನು ತುದಿಯಲ್ಲಿದ್ದ ಕಬ್ಬಿಣದ ಕೊಳವೆಗೆ ಅದನ್ನು ಕಟ್ಟಿದ. ಕೆಳಗೆ ಅರಿಸಿನದ ಹೊಲಗಳು ಗಾಳಿಗೆ ತೊನೆಯುತ್ತಿದ್ದವು. ಶಾಂತರಾಜು ಸೊಂಟಕ್ಕೆ ಕೈಯಿಟ್ಟು ಯಾರಿಗೂ ಕೇಳದಷ್ಟು ಮೆಲ್ಲಗೆ "ಎಲೈ ನಾವಿಕರೇ" ಎಂದ. ಕೆಳಗೆ ನಿಂತಿದ್ದ ಭವ್ಯ ಚಪ್ಪಾಳೆ ತಟ್ಟಿದಳು. ಬೆಳಗ್ಗೆ ಬಂದು ಬಿಚ್ಚಿದರಾಯಿತು ಎಂದುಕೊಂಡು ಇಳಿದು ಮನೆಗೆ ಹೋದ.

ಸೋಮವಾರ ಬೆಳಗ್ಗೆ ಆರು ಗಂಟೆಗೆ ಪಿಡಿಒ ಸೋಮಶೇಖರ್ ಫೋನು ಮಾಡಿದರು.

"ಶಾಂತರಾಜು, ಗುರುವಾರದ ಕಾರ್ಯಕ್ರಮ ಇವತ್ತೇ ಅಂತೆ ಕಣಯ್ಯ! ಮಂತ್ರಿಗಳು ಗುಂಡ್ಲುಪೇಟೆಗೆ ಹೋಗೋ ದಾರೀಲಿ ನಮ್ಮ ಟ್ಯಾಂಕ್ ಉದ್ಘಾಟನೆ ಮುಗಿಸ್ಕೊಂಡು ಹೋಗ್ತಾರಂತೆ. ಬೇಗ ಬಾ."

ಆ ಟ್ಯಾಂಕಿನಿಂದ ಎಂಟು ತಿಂಗಳಿಂದ ಊರು ನೀರು ಕುಡಿಯುತ್ತಿತ್ತು. ಉದ್ಘಾಟನೆಯೊಂದು ಬಾಕಿ ಇತ್ತು.

"ಇನ್ನೊಂದು ವಿಷಯ" ಎಂದು ಸೋಮಶೇಖರ್ ದನಿ ತಗ್ಗಿಸಿದರು. "ನಿನ್ನ ಖಾಯಂ ಆರ್ಡರು ಬಂದಿದೆ. ಮಂತ್ರಿಗಳ ಕೈಯಿಂದಲೇ ಕೊಡಿಸ್ತೀನಿ. ಕವರು ಕೈಗೆ ಬರೋ ತನಕ ಯಾರ ಹತ್ರಾನೂ ಉಸಿರೆತ್ತಬೇಡ. ಯಾವನಾದ್ರೂ ತಕರಾರು ಅರ್ಜಿ ಹಾಕಿದ್ರೆ ಇನ್ನೂ ಹತ್ತು ವರ್ಷ ಹೋಗುತ್ತೆ."

ಹದಿನಾಲ್ಕು ವರ್ಷ! ಶಾಂತರಾಜುವಿಗೆ ಮಂಚದ ಮೇಲೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ಕುಮಾರಿಗೆ ಮಾತ್ರ ಕಿವಿಯಲ್ಲಿ ಹೇಳಿದ. ಅವಳು ಒಲೆಯ ಮುಂದೆಯೇ ಎರಡು ಕೈ ಮುಗಿದು ಅತ್ತುಬಿಟ್ಟಳು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, "ಬಾವ್ಟ ಬಿಚ್ಚುದ್ರಾ?" ಎಂದಳು.

ಶಾಂತರಾಜು ಚಪ್ಪಲಿ ಮೆಟ್ಟದೆ ಓಡಿದ.

ಓಡಿಹೋಗಿ ನೋಡಿದರೆ ಏಣಿಯ ಬುಡದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕಾನ್‌ಸ್ಟೇಬಲ್ ಸುನೀಲ್ ಕುಮಾರ್ ಕೂತಿದ್ದ.

"ಸಾರ್, ಮ್ಯಾಲ ಒಸಿ ಕೆಲ್ಸ ಅದ. ಇಂಗ್ ಅತ್ತಿ ಅಂಗ್ ಇಳ್ದ್‌ಬುಡ್ತಿನಿ."

"ಆಗಲ್ಲ. ಬಂದೋಬಸ್ತು. ಮಂತ್ರಿಗಳು ಬಂದು ಹೋಗೋ ತನಕ ಕಾಗೆ ಕೂಡ ಮೇಲೆ ಕೂರಂಗಿಲ್ಲ ಅಂತ ಆರ್ಡರು."

"ನಾನೇ ಸಾರ್ ನೀರ್‌ಗಂಟಿ."

"ಹಂಗಾದ್ರೆ ನೀರು ಬಿಡು ಹೋಗು."

ಶಾಂತರಾಜು ಕತ್ತೆತ್ತಿ ನೋಡಿದ. ಪುಣ್ಯಕ್ಕೆ ಗಾಳಿ ಇರಲಿಲ್ಲ. ಬಾವುಟ ಕೊಳವೆಗೆ ಸುತ್ತಿಕೊಂಡು ಮುದುಡಿತ್ತು. ಆದರೂ ಅವನ ಅಂಗಾಲು ಬೆವರಿತು. ಮಂತ್ರಿ ಬರುವ ದಿನ ಕಪ್ಪು ಬಾವುಟ ಕಟ್ಟಿದರೆ ಏನರ್ಥ ಎಂದು ನಮ್ಮ ಕಡೆ ಅಂಗನವಾಡಿಯ ಮಕ್ಕಳಿಗೂ ಗೊತ್ತು. ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ ಹೋಗಿ ಎಂದರ್ಥ. ಹೋದ ವರ್ಷ ಇನ್ನೊಂದು ಊರಿನಲ್ಲಿ ಕಪ್ಪು ಬಟ್ಟೆ ಬೀಸಿದ ನಾಲ್ಕು ಜನರನ್ನು ಜೀಪಿಗೆ ತುಂಬಿಕೊಂಡು ಹೋದದ್ದನ್ನು ಶಾಂತರಾಜು ಕಣ್ಣಾರೆ ಕಂಡಿದ್ದ. ಆ ಬಟ್ಟೆಯಲ್ಲಿ ಬುರುಡೆ ಬೇರೆ ಇರಲಿಲ್ಲ.

ಶಾಮಿಯಾನ ಎದ್ದಿತು, ಕುರ್ಚಿ ಬಂದವು, ಮೈಕಿನವನು ಹಲೋ ಹಲೋ ಅಂದ. ಮಂತ್ರಿಗಳು ಒಂಬತ್ತಕ್ಕೆ ಬರುವವರು ಹತ್ತಾದರೂ ಬರಲಿಲ್ಲ. ಶಾಂತರಾಜು ನಿಮಿಷಕ್ಕೊಮ್ಮೆ ಆಕಾಶ ನೋಡುತ್ತ, ಎಲ್ಲ ದೇವರಿಗೂ ಒಂದೇ ಬೇಡಿಕೆ ಸಲ್ಲಿಸುತ್ತಿದ್ದ.

"ಸಿನಿಮಾದಲ್ಲಿ ಎಲ್ರೂ ಗಾಳಿ ಬರ್ಲಿ ಬರ್ಲಿ ಅಂತ ಕಾಯ್ತರ" ಎಂದಳು ಕುಮಾರಿ ಮೆಲ್ಲಗೆ. "ಬ್ಯಾಡ ಅನ್ನೋ ಕಪ್ತಾನ ನೀವೊಬ್ರೆಯಾ."

ಹತ್ತೂವರೆಗೆ ಗೋಪಾಲಸ್ವಾಮಿ ಬೆಟ್ಟದ ಕಡೆಯಿಂದ ಗಾಳಿ ಬಂತು. ಅಂಥಾ ಇಂಥಾ ಗಾಳಿಯಲ್ಲ. ಶಾಮಿಯಾನ ಒಮ್ಮೆ ಉಸಿರು ಎಳೆದುಕೊಂಡಂತೆ ಉಬ್ಬಿತು. ಮೇಲೆ ಕುಮಾರಿಯ ಲಂಗ ಪಟಪಟನೆ ಬಿಚ್ಚಿಕೊಂಡು, ಬುರುಡೆ ನಾಲ್ಕು ಹಲ್ಲು ಹೆಚ್ಚಿಗೆ ಕಿರಿದು, ಸುತ್ತಮುತ್ತಲ ಮೂರು ಊರಿಗೆ ಕಾಣುವಂತೆ ಹಾರಾಡತೊಡಗಿತು.

ಸುನೀಲ್ ಕುಮಾರ್ ಕುರ್ಚಿಯಿಂದ ಎದ್ದ ರಭಸಕ್ಕೆ ಕುರ್ಚಿ ಮಗುಚಿತು. ಸೋಮಶೇಖರ್ ಹೂವಿನ ಹಾರಗಳ ಬುಟ್ಟಿಯ ಮೇಲೆ ಕುಸಿದು ಕೂತರು. "ಕಪ್ಪು ಬಾವುಟ! ನನ್ನ ಸರ್ವೀಸಿಗೇ ಕಪ್ಪು ಬಾವುಟ!"

"ನಾನ್ ಅತ್ತಿ ಬಿಚ್ಬುಡ್ತಿನಿ ಸಾರ್" ಎಂದು ಶಾಂತರಾಜು ಏಣಿಗೆ ಕೈ ಹಾಕಿದ.

"ಮುಟ್ಟಬೇಡ!" ಎಂದು ಗುಡುಗಿದ ಸುನೀಲ್ ಕುಮಾರ್ ಫೋನಿನಲ್ಲಿ ಮೇಲಿನವರ ಜೊತೆ ಮಾತಾಡಿ, ಎದೆ ಉಬ್ಬಿಸಿ ಬಂದ. "ಸಾಹೇಬ್ರು ಮಂತ್ರಿಗಳ ಜೊತೆ ಬರ್ತಾವ್ರೆ. ಅವರು ಬರೋ ತನಕ ಅದು ಸಾಕ್ಷಿ. ಅಷ್ಟರೊಳಗೆ ಕಟ್ಟಿದವನು ಯಾರು ಅಂತ ಪತ್ತೆ ಮಾಡ್ಬೇಕಂತೆ. ಈ ಏಣಿ ದಿನಾ ಹತ್ತೋನು ಯಾರು?"

ಶಾಂತರಾಜುವಿಗೆ ತಾನು ಬೆಳಗ್ಗೆ ಹೇಳಿದ್ದ ಮಾತು ನೆನಪಾಯಿತು. ಸುನೀಲ್ ಕುಮಾರನಿಗೂ ನೆನಪಾಯಿತು. ಮಗುಚಿದ ಕುರ್ಚಿಯನ್ನು ನೆಟ್ಟಗೆ ನಿಲ್ಲಿಸಿ, "ಕೂತ್ಕೊ ಇಲ್ಲಿ. ಅಲ್ಲಾಡಬೇಡ" ಎಂದ.

ನೀರಗಂಟಿಯನ್ನು ಪೊಲೀಸು ಹಿಡಿದು ಕೂರಿಸಿದ ಸುದ್ದಿ ಊರಿನ ಕೊನೆಯ ಮನೆ ಮುಟ್ಟಲು ಎರಡು ನಿಮಿಷ ಸಾಕಾಯಿತು. ಬಾವುಟ ಯಾರದೆಂದು ಊರಿಗೇನು ಗೊತ್ತಿಲ್ಲವೇ? ಭಾನುವಾರದ ಇಡೀ ದಂಡು ಅದೇ ಬುರುಡೆಯನ್ನು ನೂರು ಸಲ ಟಿವಿಯಲ್ಲಿ ಕಂಡಿತ್ತು. ಭವ್ಯ ಸುಣ್ಣ ಹಚ್ಚುವಾಗ ರಾಚಮ್ಮಜ್ಜಿಯೇ ಪಕ್ಕದಲ್ಲಿ ಕೂತು "ಅಲ್ಲು ಇನ್ನೆರಡು ಹಾಕು ಕೂಸೇ" ಎಂದಿದ್ದಳು. ಹಾಲಿನ ಡೇರಿಯ ಹಿಂದೆ ತುರ್ತುಸಭೆ ಸೇರಿತು.

"ಏನ್ ಮಾಡನ ಈಗ?" ಎಂದ ಚಿಕ್ಕಬೀರಯ್ಯ.

"ಹಡಗ್ನಾಗ ಒಬ್ಬುನ್ನ ಇಡ್ದ್ರ ಮಿಕ್ಕೋರು ಬುಟ್ಕೊಡ್ತರ್ಲಾ?" ಎಂದಳು ರಾಚಮ್ಮಜ್ಜಿ. "ಓದ್ವಾರ ನೋಡ್ನಿಲ್ವಾ? ಚಾಟಿ ತಕಂಡು ಬಡುದ್ರೂವ ಒಬ್ನಾರ ಬಾಯ್ ಬುಟ್ನಾ?"

ಶಂಭುಲಿಂಗಪ್ಪನವರು ಶಲ್ಯ ಕೊಡವಿ ಎದ್ದರು. ನೇರವಾಗಿ ಸುನೀಲ್ ಕುಮಾರನ ಮುಂದೆ ಹೋಗಿ ನಿಂತು, ಮಂಡಿಯಲ್ಲಿ ಅರಿಸಿನದ ದರ ಮಾತಾಡುವ ಗತ್ತಿನಲ್ಲಿ ಹೇಳಿದರು.

"ಏನ್ರಿ ನೀವು, ಇಷ್ಟು ಓದ್ಕಂಡೋರು. ಟ್ರಾನ್ಸ್‌ಫಾರ್ಮರ್ ಕಂಬದ ಮ್ಯಾಲ ಬುರ್ಡ ಬರ್ದಿರದು ನೋಡಿಲ್ವಾ? ಇದೂ ಅದೆಯಾ. ಕರೆಂಟು, ಅಪಾಯ ಅಂತ."

ಸುನೀಲ್ ಕುಮಾರ್ ಯೋಚಿಸಿದ. ಬುರುಡೆ ಅದೇ, ಮೂಳೆಯೂ ಅದೇ. ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದ. ಅಷ್ಟು ಹೊತ್ತಿಗೆ ಈ ಮಾತುಕತೆ ಗೊತ್ತಿಲ್ಲದ ಚಿಕ್ಕಬೀರಯ್ಯ ಇನ್ನೊಂದು ಕಡೆಯಿಂದ ನಿಂಬೆಹಣ್ಣು ಹಿಡಿದು ಓಡಿಬಂದ.

"ಸಾರ್, ಸಾರ್! ಅದು ದೃಷ್ಟಿ ಬೊಂಬ ಸಾರ್! ವಸಾ ಟ್ಯಾಂಕಿಗ ಕಣ್ಣು ಬೀಳ್ಬಾರ್ದು ಅಂತ ಕಟ್ಟಿರದು. ಮುಟ್ಟುದ್ರ ಮುಟ್ಟುದೋರ್ಗೆ ಆಯ್ತದ!"

"ಇವ್ರು ಕರೆಂಟು ಅಂತಾವ್ರೆ?"

ಚಿಕ್ಕಬೀರಯ್ಯ ಶಂಭುಲಿಂಗಪ್ಪನವರ ಮುಖ ನೋಡಿದ. ಅವರು ಅವನ ಮುಖ ನೋಡಿದರು. "ಎಲ್ಡೂವಿ ಅದ ಸಾರ್" ಎಂದ ಚಿಕ್ಕಬೀರಯ್ಯ.

ಸುನೀಲ್ ಕುಮಾರ್ ಪುಸ್ತಕ ಮುಚ್ಚಿದ. ಕುರ್ಚಿಯಲ್ಲಿ ಕೂತ ಶಾಂತರಾಜುವಿನ ಕಣ್ಣು ಒದ್ದೆಯಾಯಿತು. ಈ ಶಂಭುಲಿಂಗಪ್ಪನವರು ಒಂದು ಕಾಲಕ್ಕೆ ನೀರು ಸಣ್ಣಗೆ ಬಂತೆಂದು ಅವನ ಮೇಲೆ ಮೂರು ದೂರು ಬರೆದವರು. ಈಗ ಅವನಿಗಾಗಿ ಪೊಲೀಸಿನವನ ಮುಂದೆ ನಿಂತು ಸುಳ್ಳು ಹೇಳುತ್ತಿದ್ದರು. ನನಗೆ ಇಷ್ಟು ಜನ ಇದ್ದಾರೆಂದು ನನಗೇ ಗೊತ್ತಿರಲಿಲ್ಲವಲ್ಲ ಎಂದುಕೊಂಡ. ಇವತ್ತು ಕವರೊಂದು ಕೈಗೆ ಬಂದುಬಿಡಲಿ, ಬರುವ ಭಾನುವಾರ ಎಲ್ಲರಿಗೂ ಒಬ್ಬಟ್ಟಿನ ಊಟ ಹಾಕಿ, ಆಮೇಲೆ ಸಿನಿಮಾ ಎಂದು ಮನಸ್ಸಿನಲ್ಲೇ ನಿಶ್ಚಯಿಸಿಕೊಂಡ.

ಮಧ್ಯಾಹ್ನ ಒಂದು ಗಂಟೆಗೆ ಧೂಳೆಬ್ಬಿಸಿಕೊಂಡು ಏಳು ಕಾರು ಬಂದವು. ಮಂತ್ರಿಗಳು ಇಳಿದರು. ದಪ್ಪ ಮೀಸೆ, ದೊಡ್ಡ ಹೊಟ್ಟೆ, ಗಡಿಬಿಡಿ. ಟೇಪು ಕತ್ತರಿಸಿದರು, ಕಾಯಿ ಒಡೆದರು, ನಲ್ಲಿ ತಿರುಗಿಸಿ ನೀರು ಬಿಟ್ಟರು. ಟ್ಯಾಂಕ್ ನೋಡೋಣ ಎಂದು ಕತ್ತೆತ್ತಿದರು.

ಊರಿಗೆ ಊರೇ ಅವರ ಜೊತೆ ಕತ್ತೆತ್ತಿತು. ಮೈಕಿನವನು ಯಾವುದಕ್ಕೂ ಇರಲಿ ಎಂದು ಮೈಕು ಆರಿಸಿದ.

ಮಂತ್ರಿಗಳು ಒಂದು ಕ್ಷಣ ಹಾಗೇ ನೋಡಿದರು. ಆಮೇಲೆ ಹೊಟ್ಟೆ ಕುಲುಕಿಸಿ ಗಹಗಹಿಸಿ ನಕ್ಕರು.

"ಅರೆ, ಇದು ಕಡಲ್ಗಳ್ಳರ ಬಾವುಟ ಅಲ್ವೇನ್ರಿ! ನಮ್ಮನೇಲಿ ಮೊಮ್ಮಕ್ಕಳ ಜೊತೆ ಕೂತು ನಾನೂ ನೋಡ್ತೀನಿ. ಒಳ್ಳೆ ಮಜಾ ಇರುತ್ತೆ. ಯಾರ್ರೀ ಕಟ್ಟಿದ್ದು? ಕರೀರಿ ಅವನನ್ನ, ನೋಡ್ಬೇಕು ನಾನು!"

ಶಾಂತರಾಜುವಿಗೆ ಹೋದ ಜೀವ ಬಂತು. ಆದರೆ ಶಾಮಿಯಾನದ ಹಗ್ಗದ ಹಿಂದೆ ನಿಂತಿದ್ದ ಭಾನುವಾರದ ದಂಡಿಗೆ ದೂರದಿಂದ ಮಾತು ಅರ್ಧಂಬರ್ಧ ಕೇಳಿತು, ನಗು ಮಾತ್ರ ಪೂರ್ತಿ ಕೇಳಿತು. ಅಂಥ ನಗು ಅವರಿಗೆ ಹೊಸದಲ್ಲ. ದೊಡ್ಡ ಮೀಸೆಯ ಕಪ್ತಾನ ಹಾಗೆ ಹೊಟ್ಟೆ ಕುಲುಕಿಸಿ ನಕ್ಕು, "ಯಾರವನು? ಕರೆತನ್ನಿ" ಎಂದನೆಂದರೆ ಮುಂದಿನ ನಿಮಿಷ ಆ ಬಡಪಾಯಿ ಹಲಗೆಯ ಮೇಲೆ ನಡೆದು ಸಮುದ್ರಕ್ಕೆ ಬೀಳುತ್ತಾನೆ. ಎಷ್ಟು ಸಿನಿಮಾದಲ್ಲಿ ನೋಡಿಲ್ಲ!

ಅದೇ ಹೊತ್ತಿಗೆ ಸೋಮಶೇಖರ್ ಉದ್ದನೆಯ ಕಂದು ಕವರೊಂದನ್ನು ಮಂತ್ರಿಗಳ ಕೈಗಿತ್ತು, ಶಾಂತರಾಜುವನ್ನು ಮುಂದೆ ತಳ್ಳಿ, ಕಿವಿಯಲ್ಲಿ ಪಿಸುಗುಟ್ಟಿದರು. "ಇವನೇ ಸಾರ್ ನೀರಗಂಟಿ. ಖಾಯಂ ಆರ್ಡರು. ಟ್ಯಾಂಕಿನ ಜವಾಬ್ದಾರಿ ಎಲ್ಲ ಇವನದೇ."

"ಓಹೋ! ಟ್ಯಾಂಕಿನವನು ನೀನೇನಪ್ಪಾ? ಹಾಗಾದ್ರೆ ಆ ಬಾವುಟಾನೂ ನಿಂದೇ ಇರ್ಬೇಕು!" ಎಂದರು ಮಂತ್ರಿಗಳು ಕವರನ್ನು ಶಾಂತರಾಜುವಿನ ಕಡೆ ಚಾಚುತ್ತ.

ಹಗ್ಗದ ಆಚೆ ನಿಂತವರಿಗೆ ಕಂಡದ್ದಿಷ್ಟೇ: ಮಂತ್ರಿಯ ಕೈಯಲ್ಲಿ ಸರಕಾರದ ಕಾಗದ, ಮುಂದೆ ತಲೆತಗ್ಗಿಸಿದ ಶಾಂತರಾಜು, ಪಕ್ಕದಲ್ಲಿ ಪೊಲೀಸು. ಅದು ಜೈಲಿನ ಕಾಗದ ಅಲ್ಲದೆ ಇನ್ನೇನಾಗಿದ್ದೀತು?

"ಇಲ್ಲ ಸ್ವಾಮಿ!" ಎಂದು ಕೂಗುತ್ತ ರಾಚಮ್ಮಜ್ಜಿ ಹಗ್ಗದ ಕೆಳಗೆ ನುಗ್ಗಿ ಬಂದೇಬಿಟ್ಟಳು. "ಅಂವ ಕಟ್ಟಿಲ್ಲ ಕಣ್ರಪ್ಪ! ಮಾದಪ್ಪುನಾಣ, ಆ ಹೈದ ಟ್ಯಾಂಕ್ ಅತ್ತಿ ಆರ್ ತಿಂಗ್ಳಾಯ್ತು!"

ಊರು ಬೆಕ್ಕಸ ಬೆರಗಾಯಿತು. ರಾಚಮ್ಮಜ್ಜಿ ಬೆಟ್ಟದ ದೇವರು ಮಾದಪ್ಪನ ಹೆಸರಿನಲ್ಲಿ ಎಂದೂ ಆಣೆ ಇಟ್ಟವಳೇ ಅಲ್ಲ. ಹಿಂದೆ ಹೊಲದ ವ್ಯಾಜ್ಯದಲ್ಲಿ ಪಂಚಾಯಿತಿದಾರರು "ಮಾದಪ್ಪನಾಣೆ ಹೇಳು, ಹೊಲ ನಿನ್ನದೇ" ಎಂದಾಗ, ನಿಜವಾದ ಮಾತಿಗೂ ದೇವರ ಆಣೆ ಮಾಡಲಾರೆ ಎಂದು ಹೊಲವನ್ನೇ ಮೈದುನನಿಗೆ ಬಿಟ್ಟು ಎದ್ದು ಬಂದವಳು. ಅಂಥವಳು ಇವತ್ತು, ಅದೂ ಮಾದಪ್ಪನ ವಾರವಾದ ಸೋಮವಾರ, ಹಸಿ ಸುಳ್ಳಿಗೆ ಆಣೆಯಿಟ್ಟಳು.

ಮಂತ್ರಿಗಳ ನಗು ನಿಂತಿತು. "ಆರು ತಿಂಗಳಿಂದ ಹತ್ತಿಲ್ವಾ? ಹಾಗಾದ್ರೆ ಟ್ಯಾಂಕ್ ತೊಳೆಯೋರು ಯಾರು?"

ಅಜ್ಜಿಯನ್ನು ಒಂಟಿಯಾಗಿ ಬಿಡುವುದುಂಟೇ? ಶಂಭುಲಿಂಗಪ್ಪನವರು ಮುಂದೆ ಬಂದರು. "ತೊಳ್ಯದಾ? ನಾನು ನಮ್ ಮನ ಜಗ್ಲಿ ಮ್ಯಾಲ ಕೂತ್ರ ಈ ಏಣಿ ಕಾಣ್ತದ ಸ್ವಾಮಿ. ಒಂದ್ ದಿನಾನೂ ಇಂವ ಅತ್ತಿದ್ದ ನಾ ಕಂಡಿಲ್ಲ."

"ಇಲ್ಲ ಸಾರ್!" ಎಂದು ಶಾಂತರಾಜು ಕಿರುಚಿದ. "ದಿನಾ ಅತ್ತುತಿನಿ ಸಾರ್! ಬಾವ್ಟ ನಾನೇ ಕಟ್ಟಿದ್ದು! ನನ್ ಮಗ್ಳು ಬರ್ಕೊಟ್ಳು, ನಾನೇ ಕಟ್ದಿ!"

"ನೋಡುದ್ರಾ ಸ್ವಾಮಿ, ಎಂಥಾ ಒಳ್ಳೆಯಂವ" ಎಂದ ಚಿಕ್ಕಬೀರಯ್ಯ ಗದ್ಗದನಾಗಿ. "ಇನ್ಯಾರ್ನೋ ಉಳ್ಸಾಕ ತನ್ ಮ್ಯಾಲ ಹಾಕ್ಕತಾವ್ನ. ಇವ್ನಿಗ ಎತ್ರ ಕಂಡ್ರ ತಲ ತಿರುಗ್ತದ. ಅಟ್ಟದ ಮ್ಯಾಕ ಅತ್ತಾಕಿಲ್ಲ, ಟ್ಯಾಂಕ್ ಅತ್ತಾನಾ?"

"ಇಲ್ಲ, ಅಪ್ಪ ನಿಜ್ವಾಗ್ಲೂ..." ಎಂದು ಭವ್ಯ ಬಾಯಿ ತೆರೆದಳು. ರಾಚಮ್ಮಜ್ಜಿಯ ಕೈ ಅವಳ ಬಾಯಿ ಮುಚ್ಚಿತು.

"ಹೌದು, ಹೌದು! ಅಂವ ಅತ್ತಾಕಿಲ್ಲ!" ಎಂದು ಮೇಲಿನ ಬೀದಿಯೂ ಕೆಳಗಿನ ಬೀದಿಯೂ ಒಂದೇ ದನಿಯಲ್ಲಿ ಕೂಗಿದವು. ಆ ಊರು ಹುಟ್ಟಿದ ಮೇಲೆ ಎರಡು ಬೀದಿಯವರು ಒಂದೇ ಮಾತು ಆಡಿದ್ದು ಅದೇ ಮೊದಲು.

"ಸಾರ್, ಈಗ್ಲೇ ಅತ್ತಿ ತೋರುಸ್ತಿನಿ ಸಾರ್!" ಶಾಂತರಾಜು ಏಣಿಯ ಕಡೆ ಓಡಿದ. ಸುನೀಲ್ ಕುಮಾರ್ ಅವನ ತೋಳು ಹಿಡಿದು ನಿಲ್ಲಿಸಿದ. ತಲೆತಿರುಗುವವನು ಮಂತ್ರಿಗಳ ಮುಂದೆಯೇ ಮೇಲಿಂದ ಬಿದ್ದರೆ ಬಂದೋಬಸ್ತಿನವನ ಗತಿ ಏನು?

"ಸಾರ್, ಇವನು ದಿನಾ..." ಎಂದ ಸೋಮಶೇಖರರ ದನಿ ಊರಿನ ಕೂಗಿನಲ್ಲಿ ಮುಳುಗಿಹೋಯಿತು. ಮಂತ್ರಿಗಳು ಗಡಿಯಾರ ನೋಡಿಕೊಂಡರು. ಗುಂಡ್ಲುಪೇಟೆಯಲ್ಲಿ ಹನ್ನೆರಡು ಗಂಟೆಯಿಂದ ಜನ ಕಾಯುತ್ತಿದ್ದರು.

"ನೋಡ್ರಿ ಪಿಡಿಒ, ಇದು ಕುಡಿಯೋ ನೀರಿನ ವಿಷಯ. ಹತ್ತಲ್ಲ ಅಂತ ನಾನು ಹೇಳ್ತಾ ಇಲ್ಲ, ಊರ ಜನಾನೇ ಹೇಳ್ತಾವ್ರೆ" ಎಂದು ತಗ್ಗಿದ ದನಿಯಲ್ಲಿ ಹೇಳಿ, ಕವರನ್ನು ತಮ್ಮ ಸಹಾಯಕನ ಕೈಗೆ ಕೊಟ್ಟರು. "ಇದು ಸದ್ಯ ಬೇಡ. ಮೂರು ತಿಂಗಳು ಬಿಟ್ಟು ಯಾರನ್ನಾದ್ರೂ ಕಳಿಸ್ತೀನಿ. ಅವರು ಬಂದು ಊರವರನ್ನ ಕೇಳಲಿ. ದಿನಾ ಟ್ಯಾಂಕ್ ಹತ್ತುತಾನೆ, ತೊಳೀತಾನೆ ಅಂತ ಇದೇ ಜನ ಹೇಳಿದ್ರೆ ಅವತ್ತು ಕೊಡೋಣ."

ಏಳು ಕಾರು ಬಂದ ಹಾಗೇ ಧೂಳೆಬ್ಬಿಸಿಕೊಂಡು ಹೋದವು. ಕವರೂ ಹೋಯಿತು.

ಕಾಗದ ವಾಪಸ್ ಮಂತ್ರಿಯ ಕಡೆಯವರ ಬ್ಯಾಗು ಸೇರಿದ್ದನ್ನು ಕಂಡ ಊರಿನವರು ಹೋ ಎಂದು ಶಾಂತರಾಜುವನ್ನು ಮುತ್ತಿಕೊಂಡರು. ಬುಟ್ಟಿಯಲ್ಲಿ ಉಳಿದಿದ್ದ ಹಾರವೊಂದನ್ನು ಚಿಕ್ಕಬೀರಯ್ಯ ತಂದು ಅವನ ಕೊರಳಿಗೆ ಹಾಕಿದ. ಶಂಭುಲಿಂಗಪ್ಪನವರು ಬೆನ್ನು ತಟ್ಟಿ, "ನಾವಿರಗಂಟ ನಿನ್ಗ್ಯಾವ ಜೈಲ್ಲಾ?" ಎಂದರು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ ಅವರು ಅವನನ್ನು 'ಲಾ' ಎಂದು ಸಲಿಗೆಯಿಂದ ಕರೆದಿದ್ದರು.

ಶಾಂತರಾಜುವಿಗೆ ಕೂಗಿಬಿಡಬೇಕೆನಿಸಿತು. ಅಯ್ಯೋ ಪುಣ್ಯಾತ್ಮರೇ, ಅದು ಜೈಲಿನ ಕಾಗದ ಅಲ್ಲ, ನನ್ನ ಬಾಳಿನ ಕಾಗದ ಎಂದು ಹೇಳಿಬಿಡಬೇಕು. ಬಾಯಿ ತೆರೆದ. ಅಷ್ಟರಲ್ಲಿ ರಾಚಮ್ಮಜ್ಜಿ ಬಂದು ಅವನ ಎರಡು ಕೈಯನ್ನೂ ಹಿಡಿದುಕೊಂಡಳು.

"ಅಜ್ಜಿ, ಮಾದಪ್ಪುನ್ ಮ್ಯಾಲ ಯಾಕಜ್ಜಿ ಆಣ ಇಟ್ಟೆ?"

"ಇನ್ನೇನ್ ಮಾಡ್ಲಿ ಮಗ? ನಿನ್ನ ಕರ್ಕಂಡ್ ಓಗ್ಬುಡರು" ಎಂದಳು ಅಜ್ಜಿ. "ಬೆಟ್ಟುಕ್ಕೋಗಿ ತಪ್ಪಾಯ್ತು ಕಣಪ್ಪ ಅಂತ ಉರುಳ್ತಿನಿ ಬುಡು. ಮಾದಪ್ಪ ಬೋದ್ರ ಬೋಯ್ಲಿ, ನಾ ಕೇಳ್ಕತಿನಿ. ನೀನು ಉಳ್ಕಂಡಲ್ಲ, ನನ್ಗ ಅಷ್ಟೇ ಸಾಕು."

ಹೇಳಬೇಕೆಂದಿದ್ದ ಮಾತನ್ನು ಶಾಂತರಾಜು ಅಲ್ಲಿಗೇ ಬಿಟ್ಟ. ಅಜ್ಜಿಯ ತಲೆಯ ಮೇಲಿಂದ ಕುಮಾರಿಯ ಮುಖ ಕಂಡಿತು. ಊರವರಲ್ಲಿ ಆ ಕವರು ಏನೆಂದು ಗೊತ್ತಿದ್ದವಳು ಅವಳೊಬ್ಬಳೇ. ಅತ್ತು ಅತ್ತು ಕಣ್ಣು ಕೆಂಪಾಗಿತ್ತು. ಆದರೂ ಅವಳು ಬೇಡ ಎಂಬಂತೆ ಮೆಲ್ಲಗೆ ತಲೆಯಾಡಿಸಿದಳು. ಶಾಂತರಾಜು ಬಗ್ಗಿ ಅಜ್ಜಿಯ ಕಾಲು ಮುಟ್ಟಿದ. ಸುತ್ತ ನಿಂತವರಿಗೆಲ್ಲ ಕೈಮುಗಿದ. ಸುಮ್ಮನೆ ಮುಗಿದದ್ದಲ್ಲ. ಬೆಳಗ್ಗೆ ತನಗೊಂದು ಖಾಯಂ ಕೆಲಸ ಬೇಕಾಗಿತ್ತು. ಅದು ಸಿಗಲಿಲ್ಲ. ಆದರೆ ತನಗಾಗಿ ದೇವರನ್ನೇ ಎದುರು ಹಾಕಿಕೊಂಡ ಒಂದು ಊರು ಸಿಕ್ಕಿತ್ತು, ಅದಕ್ಕೆ ಕೈಮುಗಿದ.

ಜನ ಸ್ವಲ್ಪ ತಣ್ಣಗಾದ ಮೇಲೆ ಸೋಮಶೇಖರ್ ಅವನನ್ನು ಪಕ್ಕಕ್ಕೆ ಕರೆದರು. "ತಲೆ ಕೆಡಿಸ್ಕೋಬೇಡ. ಮೂರೇ ತಿಂಗಳು. ಬಂದವರು ಊರವರನ್ನೇ ತಾನೇ ಕೇಳೋದು? ಇಷ್ಟು ಪ್ರೀತಿಸ್ತಾರೆ ನಿನ್ನ. ನಿಜ ಹೇಳಿ ಅಂತ ಈಗಲೇ ಹೇಳಿಡು."

ಹೌದಲ್ಲ! ಶಾಂತರಾಜುವಿನ ಎದೆ ಹಗುರಾಯಿತು. ನಡೆದದ್ದನ್ನು ಹೇಳಿ ಅವರ ಮನಸ್ಸು ನೋಯಿಸುವುದು ಬೇಡ, ಮುಂದಿನದನ್ನು ಹೇಳಿದರೆ ಸಾಕು. ಕೊರಳ ಹಾರ ಸರಿಮಾಡಿಕೊಂಡು ಎಲ್ಲರ ಮುಂದೆ ಬಂದು ನಿಂತ.

"ಅಜ್ಜಿ, ಯಜಮಾನ್ರೆ, ಎಲ್ರೂ ಒಸಿ ಕೇಳಿ. ಮೂರ್ ತಿಂಗ್ಳು ಬುಟ್ಟು ಸರ್ಕಾರದವ್ರು ಇನ್ನೊಂದ್ಸಲ ಬಂದು ನನ್ ಬಗ್ಗೆ ವಿಚಾರುಸ್ತರಂತ. ಅವತ್ತು ಯಾರೂ ನನ್ನ ಉಳ್ಸಾಕ ಓಗ್ಬ್ಯಾಡಿ. ದಿನಾ ಟ್ಯಾಂಕ್ ಅತ್ತುತಾನ, ತೊಳಿತಾನ ಅಂತ ನಿಜ ಏಳ್ಬುಡಿ. ನನ್ಗೇನೂ ಆಗಾಕಿಲ್ಲ."

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪೊಲೀಸಿನವನು ಇನ್ನೂ ಅಲ್ಲೇ ನಿಂತಿದ್ದ. ಶಾಂತರಾಜುವನ್ನು ಹೆದರಿಸಿ ಹೀಗೆ ಹೇಳಿಸುತ್ತಿದ್ದಾರೆ ಎಂಬುದರಲ್ಲಿ ಯಾರಿಗೂ ಅನುಮಾನ ಉಳಿಯಲಿಲ್ಲ.

ರಾಚಮ್ಮಜ್ಜಿ ಸೆರಗು ಸೊಂಟಕ್ಕೆ ಬಿಗಿದಳು. "ನಮ್ಮ ಏನಂತ ತಿಳ್ಕಂಡಿದ್ದಯ್ಲಾ?" ಎಂದು ಸುನೀಲ್ ಕುಮಾರನಿಗೂ ಕೇಳಲಿ ಎಂದು ಗಟ್ಟಿಯಾಗಿ ಹೇಳಿದಳು. "ಮೂರ್ ತಿಂಗ್ಳಲ್ಲ, ಮೂರ್ ವರ್ಸ ಬುಟ್ಕಂಡು ಬರ್ಲಿ. ಎದ ಮ್ಯಾಲ ಬಂದೂಕ ಮಡಗ್ಲಿ. ನೀನು ಟ್ಯಾಂಕ್ ಅತ್ತಿದ್ದ ಕಂಡಿವಿ ಅಂತ ಈ ಊರಲ್ಲಿ ಒಬ್ರಾದ್ರೂ ಬಾಯಿ ಬುಟ್ರ ನನ್ನ ಕೇಳು!"

"ಬುಡಾಕಿಲ್ಲ!" ಎಂದು ಮೇಲಿನ ಬೀದಿ ಕೂಗಿತು.

"ಸತ್ರೂ ಬುಡಾಕಿಲ್ಲ!" ಎಂದು ಕೆಳಗಿನ ಬೀದಿ ಕೂಗಿತು.